ತೊಟ್ಟಿಲ ಸುತ್ತ ಖಾಲಿ ಜಾಗ

ಕುಲ್ಪಾಶ್ ಆಸ್ಪತ್ರೆಯಿಂದ ಊರು ಮುಟ್ಟುವಷ್ಟರಲ್ಲಿ ಅವಳ ಹಾಸಿಗೆ ಅವಳಿಗಿಂತ ಮೊದಲೇ ಬೇಸಿಗೆ ಅಡುಗೆಮನೆ ಸೇರಿಕೊಂಡಿತ್ತು. ಅಂಗಳದ ಆ ಕೊನೆಯಲ್ಲಿ ಕೋಳಿಗೂಡಿಗೆ ಬೆನ್ನು ಕೊಟ್ಟು ನಿಂತ ಒಂಟಿ ಕೋಣೆ ಅದು. ಸೆಕೆಗಾಲದಲ್ಲಿ ಅಲ್ಲಿ ಒಲೆ ಹಚ್ಚುತ್ತಾರೆ. ಚಳಿ ಬಿದ್ದ ಮೇಲೆ ಹಳೆಯ ಬೂಟು, ಕಾಲು ಮುರಿದ ಕುರ್ಚಿ, ಈರುಳ್ಳಿ ಮೂಟೆ ತುಂಬುತ್ತಾರೆ. ಈ ಸಲ ಈರುಳ್ಳಿಯ ಪಕ್ಕಕ್ಕೆ ಮನೆಯ ಯಜಮಾನಿಯನ್ನೂ ತುಂಬುವುದೆಂದು ತೀರ್ಮಾನವಾಗಿತ್ತು.

ತೀರ್ಮಾನ ಮಾಡಿದವಳು ಶರ್ಬಾನು, ಕುಲ್ಪಾಶಳ ತೀರಿಹೋದ ಗಂಡನ ಅಕ್ಕ. ಅದನ್ನು ಹೇಳುವ ಕೆಲಸ ಮಾತ್ರ ಕುಲ್ಪಾಶಳ ಮಗ ದೌರೆನ್‌ನ ಪಾಲಿಗೆ ಬಂದಿತ್ತು. ಕಲ್ಲಿದ್ದಲಿನ ಲಾರಿ ಓಡಿಸುವ, ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಷ್ಟು ಗಾತ್ರದ ಆ ಗಂಡಸು, ಗೇಟಿನ ಬಳಿ ತಾಯಿಯಿಂದ ಒಂದು ಕುದುರೆ ಅಡ್ಡ ನಿಲ್ಲುವಷ್ಟು ದೂರದಲ್ಲಿ ನಿಂತು, ತನ್ನ ಬೂಟಿಗೆ ವಿಷಯ ತಿಳಿಸತೊಡಗಿದ.

"ಸ್ವಲ್ಪ ದಿನ ಅಷ್ಟೇ ಅಮ್ಮ. ಮನೇಲಿ ಹಸುಗೂಸಿದೆ. ನಿನ್ನೊಳಗೆ ಅದು... ರೇಡಿಯೇಶನ್ ಇರುತ್ತಂತೆ. ಶರ್ಬಾನು ಅತ್ತೆ ಹೇಳಿದ್ರು."

"ನನ್ನೊಳಗೆ ಏನಿದೆ ಅಂತ ಶರ್ಬಾನುಗೆ ಗೊತ್ತು, ನನಗೆ ಚಿಕಿತ್ಸೆ ಕೊಟ್ಟ ಡಾಕ್ಟ್ರಿಗೆ ಗೊತ್ತಿಲ್ಲ. ಸರಿ ಬಿಡು. ತೊಟ್ಟಿಲಿಗೆ ಹಾಕೋದು ಯಾವತ್ತು?"

"ಭಾನುವಾರ."

"ಯಾರು ಹಾಕೋದು?"

ದೌರೆನ್ ಇನ್ನೊಂದು ಬೂಟಿನ ಕಡೆ ನೋಡಿದ.

ಮೊದಲ ಮೊಮ್ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ಕೈ ಅಜ್ಜಿಯದು. ಕುಲ್ಪಾಶಳ ಮಟ್ಟಿಗೆ ಅದರಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ. ಮಗು ಹುಟ್ಟಿದಾಗ ಅವಳು ಗರ್ಭದ ಬಾಯಿಯ ಕ್ಯಾನ್ಸರಿಗೆಂದು ಸೆಮೆಯ್ ನಗರದ ಆಸ್ಪತ್ರೆಯಲ್ಲಿ ಅಂಗಾತ ಮಲಗಿದ್ದಳು. ಮೊಮ್ಮಗ ಅಲ್ದಿಯಾರನನ್ನು ಈತನಕ ಫೋನಿನ ಗಾಜಿನ ಮೇಲೆ ಮಾತ್ರ ನೋಡಿದ್ದಳು. ರೋಗ ವಾಪಸು ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಇನ್ನೊಂದು ಮೊಮ್ಮಗು ಬರುವವರೆಗೆ ಕಾಯಲು ಅವಳ ಬಳಿ ಕಾಲವಿದೆಯೋ ಇಲ್ಲವೋ ಯಾರಿಗೆ ಗೊತ್ತು? ಇಷ್ಟೆಲ್ಲ ಸಹಿಸಿದ್ದೇ ಈ ಒಂದು ದಿನಕ್ಕೆ. ಈಗ ಆ ದಿನವನ್ನು ಅವಳು ಈರುಳ್ಳಿಯ ಜೊತೆ ಕಳೆಯಬೇಕು. ತೊಟ್ಟಿಲ ಮುಂದೆ ಶರ್ಬಾನು ಮೆರೆಯಬೇಕು.

ಶರ್ಬಾನುವಿನ ಜ್ಞಾನದ ಮೂಲವೂ ಕುಲ್ಪಾಶಳಿಗೆ ತಿಳಿಯಿತು. ಬಜಾರಿನಲ್ಲಿ ಅವಳ ಪಕ್ಕ ಕೂತು ಮಾರುವ ಒಬ್ಬಳಿಗೆ ಗಂಟಲಿನ ಗ್ರಂಥಿಯ ಕ್ಯಾನ್ಸರ್ ಆಗಿತ್ತಂತೆ. ಅಯೋಡಿನ್ ನುಂಗಿಸಿ, ಕೆಲವು ದಿನ ಮಕ್ಕಳನ್ನು ಎತ್ತಬೇಡ, ಗರ್ಭಿಣಿಯರ ಹತ್ತಿರ ಕೂರಬೇಡ ಎಂದು ಡಾಕ್ಟರೇ ಕಳಿಸಿದ್ದರಂತೆ. ಅದು ನಿಜ. ಆಸ್ಪತ್ರೆಯಲ್ಲಿ ಅಂಥವರನ್ನು ಕುಲ್ಪಾಶಳೇ ನೋಡಿದ್ದಳು. ಅವರ ಔಷಧಿ ಮೈಯಲ್ಲಿ ಕರಗಿ ಕೆಲವು ದಿನ ಅಲ್ಲೇ ಉಳಿಯುತ್ತದೆ. ಅದು ಬೇರೆ, ಇದು ಬೇರೆ. ಆದರೆ ಒಂದು ವಿಷಯವನ್ನು ಅರ್ಧ ಕೇಳಿಸಿಕೊಂಡ ಶರ್ಬಾನುವಿಗೆ ಉಳಿದರ್ಧ ಹೇಳುವ ಗಂಡೆದೆ ಆ ಜಿಲ್ಲೆಯಲ್ಲೇ ಇರಲಿಲ್ಲ.

ನಗು ಬರುವುದು ಇಲ್ಲಿ. ಯಾವ ಊರು ಇದು? ಊರಾಚೆಯ ಬಯಲಿನಲ್ಲಿ, ಎಲ್ಲರೂ ಪೊಲಿಗಾನ್ ಎನ್ನುವ ಆ ನೆಲದಲ್ಲಿ, ಸೋವಿಯತ್ ಸೈನ್ಯ ದಶಕಗಟ್ಟಲೆ ಅಣುಬಾಂಬು ಸಿಡಿಸುತ್ತಿತ್ತು. ಕುಲ್ಪಾಶ್ ಶಾಲೆಗೆ ಹೋಗುತ್ತಿದ್ದಾಗ ಕಾಲಡಿಯ ನೆಲ ತೂಗುತ್ತಿತ್ತು, ಕಪಾಟಿನ ಬಟ್ಟಲುಗಳು ಗಲಗಲ ಎನ್ನುತ್ತಿದ್ದವು, ಟೀಚರು ಸೀಮೆಸುಣ್ಣ ಎತ್ತಿಕೊಂಡು ಪಾಠ ಮುಂದುವರಿಸುತ್ತಿದ್ದರು. ಆ ಬಯಲಿನಲ್ಲೇ ಈ ಊರಿನ ಕುರಿ ಮೇದವು. ಆ ಹುಲ್ಲು ತಿಂದ ಕುದುರೆಯ ಹಾಲು ಹುಳಿ ಹಿಡಿಸಿ ಕುಡಿದು ಇವರೆಲ್ಲ ದುಂಡಗಾದರು. ಸೈನ್ಯ ಹೊರಟುಹೋದ ಮೇಲೆ ಶರ್ಬಾನುವಿನ ಗಂಡ ಸೋವೆತ್‌ಖಾನ್ ಬಾಂಬಿನ ಸುರಂಗಕ್ಕೇ ಇಳಿದು ತಾಮ್ರದ ಕೇಬಲ್ ಕಿತ್ತು ತಂದು ಮಾರಿದ. ಅದರಲ್ಲಿ ಕಾರು ಬಂತು, ಶರ್ಬಾನುವಿಗೆ ಚಿನ್ನದ ಹಲ್ಲು ಬಂತು. ಅವರ ದನದ ಕೊಟ್ಟಿಗೆಗೆ ಇವತ್ತಿಗೂ ಅಲ್ಲಿಂದ ತಂದ ತಗಡಿನದೇ ಸೂರು. ಅದ್ಯಾವುದಕ್ಕೂ ಹೆದರದವರು ಈಗ ಆಸ್ಪತ್ರೆಯಿಂದ ಬಂದ ಹೆಂಗಸಿಗೆ ಹೆದರಿ, ಅವಳು ಮುಟ್ಟಿದ ಚಮಚವನ್ನು ಬೂದಿಯಲ್ಲಿ ತಿಕ್ಕುತ್ತಿದ್ದರು.

ಶರ್ಬಾನು ಮೊದಲ ದಿನವೇ ಚಹಾ ತಂದುಕೊಟ್ಟಳು. ಕಿಟಕಿಯ ಕಟ್ಟೆಯ ಮೇಲಿಟ್ಟು, ಕೈ ಹಿಂದಕ್ಕೆ ಎಳೆದುಕೊಂಡಳು. ಬಟ್ಟಲು ಅಂಚಿನವರೆಗೂ ತುಂಬಿತ್ತು. ಕಜಾಕರ ಮನೆಯಲ್ಲಿ ಬೇಕಾದವರಿಗೆ ಅರೆ ಬಟ್ಟಲು ಸುರಿಯುತ್ತಾರೆ, ಮತ್ತೆ ಮತ್ತೆ ಕೈ ಚಾಚಲಿ ಎಂದು. ತುಂಬಿಸಿ ಕೊಟ್ಟರೆ ಕುಡಿದು ಹೊರಡು ಎಂದರ್ಥ.

"ಎಷ್ಟು ಧಾರಾಳ ಅತ್ತಿಗೆ ನಿಮ್ಮ ಕೈ," ಎಂದಳು ಕುಲ್ಪಾಶ್. "ನನ್ನದೇ ಮನೆ, ನನ್ನದೇ ಹಸುವಿನ ಹಾಲು, ನನಗೇ ತುಂಬಿದ ಬಟ್ಟಲು."

"ಕೋಪ ಮಾಡ್ಕೋಬೇಡ ಕಣೇ. ನಿನ್ನ ಒಳ್ಳೇದಕ್ಕೇ. ತೊಟ್ಟಿಲಿಗೆ ಹಾಕೋಕೆ ನನ್ನ ಕೈಯೂ ಕೆಟ್ಟ ಕೈಯಲ್ಲ. ಆರು ಹೆತ್ತಿದೀನಿ, ಆರೂ ಬದುಕಿವೆ."

"ಬದುಕಿವೆ. ಒಂದಾದ್ರೂ ನಿಮ್ಮ ಮನೆ ಕಡೆ ತಲೆ ಹಾಕಿದ್ದು ನಾನು ನೋಡಿಲ್ಲ."



ಮಾರನೆಯ ದಿನದಿಂದ ಚಹಾ ತರುವವಳು ಸೊಸೆ ಅಕ್ಬೋತಾ. ದೊಡ್ಡ ಹಣೆಯ, ಸಣ್ಣ ದನಿಯ ಹುಡುಗಿ. ಹಿರಿಯರೆದುರು ಬಾಯಿ ತೆರೆಯಬಾರದೆಂದು ಅವಳನ್ನು ಬೆಳೆಸಿದ್ದರು, ಅವಳೂ ಅದನ್ನು ಚೆನ್ನಾಗಿ ಕಲಿತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಬಟ್ಟಲಿಟ್ಟು ಅವಳೂ ಹಿಂದೆ ಸರಿದಳು. ಆದರೆ ಹೋಗಲಿಲ್ಲ. ತಲೆವಸ್ತ್ರದ ತುದಿ ಸುರುಳಿ ಸುತ್ತುತ್ತ ನಿಂತಳು.

"ಅಮ್ಮ," ಎಂದಳು ಕೊನೆಗೆ, "ಅಲ್ಲಿ ಏನು ಮಾಡಿದ್ರು ನಿಮಗೆ?"

ಕುಲ್ಪಾಶ್ ಬಟ್ಟಲನ್ನು ಕೆಳಗಿಟ್ಟಳು. ಇಡೀ ಊರು ಅವಳ ಕಾಯಿಲೆಯ ಬಗ್ಗೆ ಬಾಯಿ ನೋಯುವಷ್ಟು ಮಾತಾಡಿತ್ತು. ಹೀಗೊಂದು ಪ್ರಶ್ನೆಯನ್ನು ಅವಳನ್ನೇ ಕೇಳಿದವರು ಯಾರೂ ಇರಲಿಲ್ಲ.

ಅವಳು ಹೇಳಿದಳು, ನಾಚಿಕೆ ಬಿಟ್ಟು. ಮೊದಲು ವಾರಗಟ್ಟಲೆ ಹೊರಗಿನಿಂದ ಕಿರಣ ಬಿಟ್ಟಿದ್ದರು. ಅದಾದ ಮೇಲೆ ಒಳಗಿನದು. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಗರ್ಭದ ಬಾಯಿಯವರೆಗೆ ಬೆರಳಿಗಿಂತ ಸಣ್ಣ ಕೊಳವೆಗಳನ್ನು ಕೂರಿಸಿ, ಅವು ಅಲುಗದಂತೆ ಬಟ್ಟೆ ತುರುಕಿ, ಮೂತ್ರಕ್ಕೊಂದು ನಳಿಕೆ ಹಾಕಿ, ಸ್ಕ್ಯಾನ್ ಕೋಣೆಗೆ ತಳ್ಳಿಕೊಂಡು ಹೋದರು. ಆಮೇಲೆ ಕಾಯುವುದು. ನಿಜವಾದ ಹಿಂಸೆ ಅದೇ. ಕಿರಣ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಪಕ್ಕದ ಕರುಳಿಗೆ, ಮೂತ್ರಕೋಶಕ್ಕೆ ಹೇಗೆ ತಾಗದಿರಬೇಕು ಎಂದು ಅವರು ಲೆಕ್ಕ ಹಾಕುವ ತನಕ ಮಗ್ಗುಲಾಗದೆ, ಮೊಣಕಾಲು ಮಡಚದೆ, ಛಾವಣಿ ನೋಡುತ್ತ ಬಿದ್ದಿರಬೇಕು. ಛಾವಣಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಕೊನೆಗೆ ದಪ್ಪ ಗೋಡೆಯ ಕೋಣೆ. ಕೊಳವೆಗಳನ್ನು ಒಂದು ಯಂತ್ರಕ್ಕೆ ಜೋಡಿಸಿ ಎಲ್ಲರೂ ಹೊರಗೆ ಹೋದರು, ಬಾಗಿಲು ಮುಚ್ಚಿತು. ಗೋಡೆಯ ಮೇಲಿನ ಕ್ಯಾಮೆರಾ ಅವಳನ್ನು ನೋಡುತ್ತಿತ್ತು. ಪುಟ್ಟ ಸ್ಪೀಕರಿನಿಂದ ಡಾಕ್ಟರ್ ಮದೀನಾಳ ದನಿ ಬಂತು.

"ಹೇಗಿದೀರಾ ಅಮ್ಮ?"

"ಮಲಗಿದೀನಿ ಕಣಮ್ಮ. ಈ ಸ್ಥಿತೀಲಿ ಎಲ್ಲಿಗೆ ಓಡ್ಲಿ?"

ಯಂತ್ರ ಗುಂಯ್ ಎಂದಿತು, ಟಿಕ್ ಟಿಕ್ ಎಂದಿತು. ತಂತಿಯ ತುದಿಗೆ ಅಂಟಿದ ಅಕ್ಕಿಕಾಳಿನಷ್ಟು ಲೋಹದ ಚೂರೊಂದು ಕೊಳವೆಯೊಳಗೆ ಹರಿದು ಬಂದು, ನಿಲ್ಲಬೇಕಾದಲ್ಲಿ ನಿಂತು, ಒಂದಿಷ್ಟು ಮುಂದೆ ಹೋಗಿ, ಮತ್ತೆ ನಿಂತು, ಕೆಲಸ ಮುಗಿಸಿ ತನ್ನ ಸೀಸದ ಪೆಟ್ಟಿಗೆಗೆ ವಾಪಸಾಯಿತು. ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಒಂದೆರಡು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತು. ನೋವಾದದ್ದು ಆಮೇಲೆ, ಕೊಳವೆಗಳನ್ನು ಹೊರತೆಗೆಯುವಾಗ. ಆಗ ಅವಳು ಶರ್ಬಾನುವಿನ ಹೆಸರು ಹಿಡಿದು ಬೈದಿದ್ದಳು, ಯಾರನ್ನಾದರೂ ಬೈಯಲೇಬೇಕಾಗಿತ್ತು. ಹೀಗೆ ನಾಲ್ಕು ಸಲ, ಮಧ್ಯೆ ಮಧ್ಯೆ ಬಿಡುವು ಕೊಟ್ಟು.

"ಈಗ?" ಅಕ್ಬೋತಾ ಕೇಳಿದಳು.

"ಈಗ ಉಚ್ಚೆ ಹೊಯ್ದರೆ ಉರಿ. ಹೊಟ್ಟೆ ಹೇಳಿದ ಮಾತು ಕೇಳಲ್ಲ. ಆಗಾಗ ಬಟ್ಟೇಲಿ ಕಲೆ. ಬಾವಿಯಿಂದ ಒಂದು ಬಕೀಟು ತಂದರೆ ಬೆಟ್ಟ ಹತ್ತಿದ ಹಾಗೆ ಸುಸ್ತು. ಎಲ್ಲ ಹೀಗೇ ಆಗುತ್ತೆ, ಆಮೇಲೆ ಕಡಿಮೆಯಾಗುತ್ತೆ ಅಂತ ಡಾಕ್ಟ್ರು ಮೊದಲೇ ಹೇಳಿದ್ಲು."

"ಅಲ್ಲಮ್ಮ... ನಿಜವಾಗ್ಲೂ ಒಳಗೆ ಏನೂ ಉಳ್ದಿಲ್ವಾ?"

"ಉಳಿದಿದ್ರೆ ಚೆನ್ನಾಗಿತ್ತು. ಕರೆಂಟು ಹೋದಾಗ ನನ್ನನ್ನ ನಡುಮನೇಲಿ ಕೂರಿಸಿಕೊಂಡು ಕೆಲಸ ಮಾಡ್ಕೋಬಹುದಿತ್ತು ನೀವೆಲ್ಲ." ಸೊಸೆಯ ಮುಖದಲ್ಲಿ ನಗು ಬಾರದ್ದನ್ನು ನೋಡಿ ಕುಲ್ಪಾಶ್ ಕೊಂಕು ಬಿಟ್ಟಳು. "ಇಲ್ಲಮ್ಮ. ಏನೂ ಉಳ್ದಿಲ್ಲ. ನಾನೂ ಇದೇ ಕೇಳ್ದೆ, ಮತ್ತೆ ಮತ್ತೆ ಕೇಳ್ದೆ. ದೀಪ ಆರಿಸಿದ ಮೇಲೆ ಕೋಣೇಲಿ ಬೆಳಕು ಉಳಿಯುತ್ತಾ ಅಮ್ಮ ಅಂದ್ಲು ಡಾಕ್ಟ್ರು. ಮನೆಗೆ ಹೋದ ಕೂಡ್ಲೆ ಮೊಮ್ಮಗನ್ನ ಎತ್ಕೊಳಿ ಅಂದ್ಲು."

ಅಕ್ಬೋತಾ ತಲೆಯಾಡಿಸಿ ಹೋದಳು. ನಂಬಿದಳೋ ಇಲ್ಲವೋ, ಆ ದೊಡ್ಡ ಹಣೆಯಿಂದ ತಿಳಿಯುವಂತಿರಲಿಲ್ಲ. ಕುಲ್ಪಾಶ್ ಒಬ್ಬಳೇ ಉಳಿದಾಗ ತನ್ನ ಅಂಗೈಗಳನ್ನು ಮೂಗಿಗೆ ಹಿಡಿದು ಮೂಸಿದಳು. ಸಾಬೂನು, ಈರುಳ್ಳಿ. ಮಾಡಿದ ಮೇಲೆ ತನ್ನ ಮೇಲೇ ಅಸಹ್ಯವಾಯಿತು. ಶರ್ಬಾನುವಿನ ಮೂರ್ಖತನ ಗೋಡೆ ದಾಟಿ ಇಲ್ಲಿಗೂ ಬಂದಿದೆ ಎಂದುಕೊಂಡು ಕಿಟಕಿ ಮುಚ್ಚಿದಳು.

ಶನಿವಾರ ಸೋವೆತ್‌ಖಾನ್ ಈರುಳ್ಳಿ ಒಯ್ಯುವ ನೆಪದಲ್ಲಿ ಬಂದ. ಅವನ ಕೋಟಿನ ಜೇಬು ಉಬ್ಬಿತ್ತು. ತಾಮ್ರ ಕೀಳುತ್ತಿದ್ದ ಕಾಲದಲ್ಲಿ, ಕಿರಣ ಸೂಸುವ ಲೋಹವನ್ನು ಗುಜರಿಯವರು ಕೊಳ್ಳುವುದಿಲ್ಲವೆಂದು, ಅವನು ಕಿರಣ ಅಳೆಯುವ ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದ. ತನ್ನ ಮೈಗೆ ಅದನ್ನು ಯಾವತ್ತೂ ಹಿಡಿದವನಲ್ಲ. ಈಗ ಈರುಳ್ಳಿ ಆರಿಸುತ್ತ ಆರಿಸುತ್ತ ಜೇಬನ್ನು ಕುಲ್ಪಾಶಳ ಕಡೆ ತಿರುಗಿಸಿದ. ಅವಳ ಬೆನ್ನ ಹಿಂದೆ ಹೋದ. ಬಗ್ಗಿದ. ಮಂಚದ ಕೆಳಗೆ ಬಿದ್ದಿರದ ಈರುಳ್ಳಿಯನ್ನು ಹುಡುಕಿದ. ಪೆಟ್ಟಿಗೆ ಎಲ್ಲೋ ಒಂದೊಂದು ಸಲ ಟಿಕ್ ಎಂದಿತು, ಅಂಗಳದಲ್ಲಿ ಎಂದ ಹಾಗೆಯೇ.

"ಏನ್ ಭಾವ, ಜೇಬಲ್ಲಿ ಕೋಳಿಮರಿ ಸಾಕಿದೀರಾ?"

"ಗಡಿಯಾರ, ಗಡಿಯಾರ," ಎಂದ ಸೋವೆತ್‌ಖಾನ್ ಬೆವರುತ್ತ.

"ಹಾಗಾದ್ರೆ ಹೊರಗೇ ತೆಗೀರಿ. ಮುಂದಿಂದ ಹಿಡೀರಿ, ಸಂಕೋಚ ಬೇಡ. ಡಾಕ್ಟ್ರು ಎಲ್ಲ ನೋಡಿ ಆಯ್ತು, ನೀವೂ ನೋಡಿ."

ಅವನು ಒಂದೇ ಒಂದು ಈರುಳ್ಳಿ ಹಿಡಿದುಕೊಂಡು ಹೊರಟುಹೋದ. ಅಂಗಳದಲ್ಲಿ ಶರ್ಬಾನು ಕಾಯುತ್ತಿದ್ದಳು. ಪಿಸುಮಾತು ಎಂದರೇನೆಂದು ಆ ಹೆಂಗಸಿಗೆ ಗೊತ್ತಿರಲಿಲ್ಲ. ಪ್ರತಿಯೊಂದು ಮಾತೂ ಕೋಣೆಗೆ ಕೇಳಿಸಿತು.

"ಎಷ್ಟು ತೋರಿಸ್ತು?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ? ಸರಿಯಾಗಿ ಹಿಡಿದ್ಯಾ?"

"ಹಿಡಿದೆ ಕಣೇ. ಬರೀ ಗಾಳೀಲಿ ಇರೋವಷ್ಟೇ."

ಶರ್ಬಾನುವಿನ ದನಿ ಇನ್ನೂ ಏರಿತು. "ಅಯ್ಯೋ ದೇವ್ರೇ. ಅವಳ ಹತ್ರ ಹೋಗಿದ್ದಕ್ಕೆ ಮೆಷಿನ್ನೇ ಸತ್ತೋಗಿದೆ!"

ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಅಳೆಯುವ ಯಂತ್ರವನ್ನೇ ಕೊಂದ ಹೆಂಗಸು. ಬೇಲಿಯಾಚೆ ಹೋಗುವವರು ಈಗ ರಸ್ತೆಯ ಆ ಬದಿಯಿಂದ ಹೋದರು.

ಭಾನುವಾರ ಮಧ್ಯಾಹ್ನ ಮನೆ ತುಂಬ ಹೆಂಗಸರು. ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಗಳ ವಾಸನೆ, ಬೇಯುವ ಕುದುರೆ ಮಾಂಸದ ವಾಸನೆ, ನಗು, ಬಟ್ಟಲುಗಳ ಸದ್ದು ಅಂಗಳ ದಾಟಿ ಬಂದವು. ಕುಲ್ಪಾಶ್ ಮಂಚದ ಮೇಲೆ ಕೂತಿದ್ದಳು. ಮಗನೇ ಬಂದು ಕರೆಯುತ್ತಾನೆಂದು ಒಂದಿಷ್ಟು ಹೊತ್ತು ಕಾದಳು. ಅವನು ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಒಡೆದ ಸೌದೆಯನ್ನೇ ಮತ್ತೆ ಒಡೆಯುತ್ತಿದ್ದ. ಅವಳು ಎದ್ದು ಮದುವೆಮನೆಗಳಿಗೆಂದು ಇಟ್ಟಿದ್ದ ಕಡುಗೆಂಪು ವೆಲ್ವೆಟ್ ಅಂಗಿ ತೊಟ್ಟಳು. ಚಿಕಿತ್ಸೆಯಲ್ಲಿ ಇಳಿದುಹೋದ ಮೈಗೆ ಅದು ಜೋಲುತ್ತಿತ್ತು. ಬಿಳಿ ತಲೆವಸ್ತ್ರ ಬಿಗಿದಳು. ಬಾಗಿಲು ತೆರೆದು ಅಂಗಳ ದಾಟಿದಳು. ದೌರೆನ್ ಕೊಡಲಿ ಎತ್ತಿದವನು ಇಳಿಸುವುದನ್ನು ಮರೆತ.

ನಡುಮನೆಯಲ್ಲಿ ಅಕ್ಬೋತಾಳ ತವರಿನಿಂದ ಬಂದ ಹೊಸ ತೊಟ್ಟಿಲು. ಶರ್ಬಾನು ಕಾಡುಗಿಡದ ಒಣಸೊಪ್ಪು ಹೊಗೆಯಾಡುವ ಬಾಣಲೆ ಹಿಡಿದು, ಕೆಟ್ಟದ್ದೆಲ್ಲ ತೊಲಗಲಿ ಎಂದು ಹಾಡುತ್ತ ತೊಟ್ಟಿಲಿಗೆ ಸುತ್ತು ಬಂದಿದ್ದಳು. ಈಗ ಬಾಣಲೆ ಕೆಳಗಿಟ್ಟು ಮಗುವನ್ನು ಎತ್ತಿಕೊಂಡಿದ್ದಳು. ಎಲ್ಲರಿಗೂ ಕಾಣಲೆಂದು ಎತ್ತರಕ್ಕೆ ಹಿಡಿದಿದ್ದಳು.

ಕುಲ್ಪಾಶ್ ಒಳಗೆ ಕಾಲಿಟ್ಟದ್ದೇ ತಡ, ಬಾಗಿಲ ಬಳಿ ಕೂತಿದ್ದವರು ದಡಬಡ ಎದ್ದರು. ಗೌರವಕ್ಕಲ್ಲ.

"ಅಲ್ಲೇ ನಿಲ್ಲು!" ಎಂದಳು ಶರ್ಬಾನು. "ಹಸುಗೂಸು ಕಣೇ ಇದು. ಕರುಳು ಬೇಡ್ವಾ ನಿನಗೆ?"

"ಕರುಳಿಗೆ ತಾಗದ ಹಾಗೆ ಲೆಕ್ಕ ಹಾಕಿದಾರೆ ಅತ್ತಿಗೆ. ಇದೆ, ಚೆನ್ನಾಗಿದೆ."

"ಹಿಡ್ಕೊಳ್ರೇ ಅವಳನ್ನ! ಯಾರಾದ್ರೂ ತಡೀರೇ!"

ಯಾರೂ ಅಲುಗಲಿಲ್ಲ. ಮೂಲೆಯಿಂದ ಒಬ್ಬಳು, "ನೀವೇ ಹಿಡ್ಕೊಳಿ ಶರ್ಬಾನಕ್ಕ, ನಿಮಗೆ ಹೇಗೂ ವಯಸ್ಸಾಗಿದೆ," ಎಂದಳು.

ಆಗ ಕುಲ್ಪಾಶಳಿಗೆ ಅರ್ಥವಾಯಿತು. ಇಡೀ ವಾರ ಅವಳು ವಾದ ಮಾಡಿದ್ದಳು, ಚುಚ್ಚಿದ್ದಳು, ದೀಪ ಮತ್ತು ಬೆಳಕಿನ ಮಾತು ಹೇಳಿದ್ದಳು. ಅದ್ಯಾವುದೂ ಬೇಕಿರಲಿಲ್ಲ. ಈ ಕೋಣೆಯಲ್ಲಿ ಅವಳ ತೋಳು ಹಿಡಿಯುವ ಧೈರ್ಯ ಒಬ್ಬರಿಗೂ ಇಲ್ಲ. ಅವಳನ್ನು ತಡೆಯಬೇಕಾದರೆ ಮುಟ್ಟಬೇಕು.

ಅವಳು ನಿಧಾನವಾಗಿ ನಡೆದಳು. ಬೇಕೆಂದೇ ನಿಧಾನ. ಅವಳು ಒಂದು ಹೆಜ್ಜೆ ಇಟ್ಟರೆ ಎಡಬಲದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಲಂಗಗಳು ಸರಭರ ಎಂದವು, ಯಾರದೋ ಬಟ್ಟಲು ಉರುಳಿತು, ಎಲ್ಲರ ಬೆನ್ನೂ ಗೋಡೆಯ ರತ್ನಗಂಬಳಿಗೆ ಅಂಟಿಕೊಂಡಿತು. ತೊಟ್ಟಿಲ ಸುತ್ತ ಕುರಿಯೊಂದನ್ನು ಅಟ್ಟಾಡಿಸಬಹುದಾದಷ್ಟು ಜಾಗ ಖಾಲಿಯಾಯಿತು. ಆ ಜಾಗದ ಆಚೆ ಶರ್ಬಾನು, ಕೈಯಲ್ಲಿ ಮಗು.

"ಕುಲ್ಪಾಶ್, ಬೇಡ. ಹೇಳ್ತಿದೀನಿ, ಬೇಡ."

"ಹೇಳಿ ಅತ್ತಿಗೆ, ಕೇಳ್ತಿದೀನಿ," ಎನ್ನುತ್ತ ಕುಲ್ಪಾಶ್ ಹತ್ತಿರವಾದಳು. ಅಪ್ಪಿಕೊಳ್ಳುವವಳಂತೆ ಎರಡೂ ತೋಳು ಚಾಚಿದಳು. "ಬನ್ನಿ. ಎಷ್ಟು ದಿನ ಆಯ್ತು ನಾವಿಬ್ರೂ ಅಪ್ಪಿಕೊಂಡು."

ಆರು ಹೆತ್ತ ಆ ಹೆಂಗಸು ಮಗುವನ್ನು ನೆಲದ ಹಾಸಿನ ಮೇಲೆ ಮಲಗಿಸಿ, ಮಂಡಿಯ ಮೇಲೆಯೇ ಪಕ್ಕಕ್ಕೆ ಸರಿದು, ಉಳಿದವರ ಜೊತೆ ಗೋಡೆ ಸೇರಿದಳು.

ಕುಲ್ಪಾಶ್ ಬಗ್ಗಿ ಮೊಮ್ಮಗನನ್ನು ಎತ್ತಿಕೊಂಡಳು. ಫೋನಿನಲ್ಲಿ ಅವನಿಗೆ ತೂಕವಿರಲಿಲ್ಲ. ಇಲ್ಲಿ ಇತ್ತು, ಬಿಸಿಯೂ ಇತ್ತು. ಒಂದು ಕ್ಷಣ ಅವಳ ತೋಳು ತನ್ನಷ್ಟಕ್ಕೇ ಹಿಂಜರಿದು ಅವನನ್ನು ಮೈಯಿಂದ ದೂರ ಹಿಡಿಯಿತು. ಆ ತೋಳನ್ನೂ ಮನಸ್ಸಿನಲ್ಲೇ ಬೈದು, ಅವನನ್ನು ಎದೆಗೆ ಒತ್ತಿಕೊಂಡಳು. ಅಲ್ದಿಯಾರ್ ಅವಳ ವೆಲ್ವೆಟ್ಟಿಗೆ ಜೊಲ್ಲು ಸುರಿಸಿದ.

ಇನ್ನೊಂದು ಶಾಸ್ತ್ರ ಬಾಕಿಯಿತ್ತು. ಮಗು ಮಲಗಿದಲ್ಲೇ ಹೇಲು ಉಚ್ಚೆ ಮಾಡಲೆಂದು ತೊಟ್ಟಿಲ ತಳದಲ್ಲಿ ತೂತಿರುತ್ತದೆ. ಮಲಗಿಸುವ ಮೊದಲು ಅಜ್ಜಿ ಆ ತೂತಿನಿಂದ ಮಿಠಾಯಿ ಉದುರಿಸಿ, "ಮಾಡ್ದನಾ?" ಎಂದು ಕೂಗಬೇಕು, ಹೆಂಗಸರೆಲ್ಲ ಕೆಳಗೆ ಕೈಯೊಡ್ಡಿ, "ಮಾಡ್ದ!" ಎಂದು ಕಿರುಚಿ ಕಿತ್ತಾಡಬೇಕು. ಯಾವ ಮನೆಯಲ್ಲೂ ಇದಕ್ಕೆ ಕರೆಯಬೇಕಾಗಿ ಬಂದದ್ದಿಲ್ಲ. ಕುಲ್ಪಾಶ್ ಮಗುವನ್ನು ಒಂದು ತೋಳಿಗೆ ಹಾಕಿಕೊಂಡು, ತಟ್ಟೆಯಿಂದ ಒಂದು ಹಿಡಿ ಮಿಠಾಯಿ ತೆಗೆದು ತೂತಿನ ಮೇಲೆ ಹಿಡಿದಳು.

"ಮಾಡ್ದನಾ?"

ಗೋಡೆ ಸುಮ್ಮನಿತ್ತು.

"ಮಾಡ್ದನಾ ಅಂದೆ!"

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅಕ್ಬೋತಾ ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಬಂದಳು. ಶರ್ಬಾನು, "ಏ ಹುಡುಗಿ!" ಎಂದು ಗದರಿದಳು. ಅಕ್ಬೋತಾ ತಿರುಗಿ ನೋಡಲಿಲ್ಲ. ಖಾಲಿ ಜಾಗವನ್ನು ದಾಟಿ, ಅತ್ತೆಯ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಂತೆ ಕೂತು, ತೊಟ್ಟಿಲ ಕೆಳಗೆ ಎರಡೂ ಅಂಗೈ ಒಡ್ಡಿದಳು.

"ಮಾಡ್ದ ಅಮ್ಮ," ಎಂದಳು. ಸಣ್ಣ ದನಿ, ಆದರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. "ರಾಶಿ ರಾಶಿ ಮಾಡ್ದ. ಇನ್ನೂ ಹಾಕಿ."

ಕುಲ್ಪಾಶ್ ಹಾಕಿದಳು. ಹಿಡಿ ಹಿಡಿಯಾಗಿ ಹಾಕಿದಳು, ಚಿನ್ನದ ಕಾಗದ ಸುತ್ತಿದ ಚಾಕೊಲೇಟುಗಳನ್ನು ಆರಿಸಿ ಆರಿಸಿ ಹಾಕಿದಳು. ಅಕ್ಬೋತಾಳ ಅಂಗೈ ತುಂಬಿತು, ಮಡಿಲು ತುಂಬಿತು. ಗೋಡೆಯ ಕಡೆಯಿಂದ ಒಬ್ಬಳು ಅರ್ಧ ಹೆಜ್ಜೆ ಮುಂದಿಟ್ಟಳು, ಅವಳ ಕಣ್ಣು ಚಾಕೊಲೇಟಿನ ಮೇಲಿತ್ತು.

"ಅಲ್ಲೇ ಇರೇ," ಎಂದಳು ಕುಲ್ಪಾಶ್ ತಟ್ಟೆಯನ್ನು ಬರಿದು ಮಾಡುತ್ತ. "ಗೋಡೆಗೆ ಅಂಟ್ಕೊಂಡೋರು ಗೋಡೇನೇ ನೆಕ್ಕಿ."

ಆಮೇಲೆ ಅವಳು ಅಲ್ದಿಯಾರನನ್ನು ತೊಟ್ಟಿಲಲ್ಲಿ ಮಲಗಿಸಿದಳು. ಕೈಕಾಲು ನೆಟ್ಟಗೆ ಮಾಡಿ, ಎದೆಯ ಪಟ್ಟಿ, ಮೊಣಕಾಲಿನ ಪಟ್ಟಿ ಕಟ್ಟಿ, ಮೇಲೆ ಒಂದರ ಮೇಲೊಂದು ಹೊದಿಕೆ ಇಳಿಬಿಟ್ಟಳು. ಕೆಳಹೊಟ್ಟೆಯಲ್ಲಿ ಉರಿ ಎದ್ದಿತ್ತು. ತೊಟ್ಟಿಲ ಪಕ್ಕದಲ್ಲೇ ಕಾಲು ಚಾಚಿ ಕೂತು ತೂಗತೊಡಗಿದಳು. ಮಗು ನಿದ್ದೆಹೋದ ಮೇಲೂ ತೂಗಿದಳು. ಮಾಂಸ ತಣ್ಣಗಾಗುತ್ತಿತ್ತು, ಹೆಂಗಸರ ಕಾಲು ಸೋಲುತ್ತಿತ್ತು. ಏಳು ಎನ್ನಲು ಯಾರೂ ಹತ್ತಿರ ಬರಲಿಲ್ಲ.